ಪಿಯಾನೋ ಪಕ್ಕದ ಕುರ್ಚಿ

ನನ್ನ ತಮ್ಮನಿಗೆ ಸಂಗೀತದ ಗಂಧಗಾಳಿಯೂ ಇರಲಿಲ್ಲ. ಸ್ವರಲಿಪಿಯೆಂದರೆ ಅವನ ಕಣ್ಣಿಗೆ ಬರೀ ಕಾಗೆ ಕಾಲು, ಗುಬ್ಬಿ ಕಾಲು. ಆದರೂ ಪಿಟೀಲು, ಚೆಲ್ಲೋ ಜೊತೆ ನಾನು ಪಿಯಾನೋ ನುಡಿಸುವಾಗಲೆಲ್ಲ ನನ್ನ ಪಕ್ಕದ ಕುರ್ಚಿ ಅವನದೇ. ನಾನು ಗದ್ದ ಆಡಿಸಿದರೆ ಸಾಕು, ಬೆರಳಿಗೆ ಎಂಜಲು ಹಚ್ಚಿಕೊಂಡು ಹಾಳೆ ತಿರುಗಿಸುತ್ತಿದ್ದ.

"ಥೂ, ಎಂಜಲು ಹಚ್ಬೇಡ್ವೋ" ಎಂದು ಬೈದರೆ, "ಜಡ್ಜ್ ಎದುರಿಗೇ ಹಚ್ತೀನಿ ಕಣಕ್ಕ, ನಿಂದೇನು ದೊಡ್ಡಸ್ತಿಕೆ?" ಎನ್ನುತ್ತಿದ್ದ. ಪೊಲೀಸರು ಕರೆದೊಯ್ದ ಮೇಲೆ ಮನೆಗೆ ಮರಳದವರ ಪರವಾಗಿ ವಾದಿಸುವ ವಕೀಲ ಅವನು. ಅವನ ಆಫೀಸಿನ ಮೆಟ್ಟಿಲ ಮೇಲೆಯೇ ಅವನಿಗೆ ಗುಂಡು ಹೊಡೆದರು. ಅದೇ ವರ್ಷ ಒಬ್ಬ ಮೇಷ್ಟ್ರನ್ನೂ ಒಬ್ಬ ವರದಿಗಾರ್ತಿಯನ್ನೂ ಕೊಂದರು.

ಮೂವರ ನೆನಪಿಗೆ ನಮ್ಮ ಪಿಟೀಲಿನವರು ಒಂದು ಕೃತಿ ರಚಿಸಿದರು. ಮೊದಲು ಮೇಷ್ಟ್ರ ಭಾಗ, ನಡುವೆ ತಮ್ಮನದು, ಕೊನೆಗೆ ವರದಿಗಾರ್ತಿಯದು. ಅಭ್ಯಾಸದಲ್ಲಿ ಉಳಿದ ಹಾಳೆಗಳನ್ನು ಹೇಗೋ ನಾನೇ ತಿರುವಿಕೊಳ್ಳುತ್ತಿದ್ದೆ. ತಮ್ಮನ ಭಾಗ ಮುಗಿಯುವಲ್ಲಿ ಮಾತ್ರ ಎರಡು ಕೈಗೂ ಬಿಡುವಿಲ್ಲ. ಹಳೇ ಚಾಳಿ, ಗದ್ದ ಆಡಿಸಿಬಿಡುತ್ತಿದ್ದೆ. ಖಾಲಿ ಕುರ್ಚಿ ಏನು ತಿರುಗಿಸೀತು? ಪ್ರತಿಸಲ ಅಲ್ಲಿಗೇ ನಿಲ್ಲಿಸಿ ಅಳುತ್ತಿದ್ದೆ.

"ಬೇರೆ ಯಾರನ್ನಾದ್ರೂ ಕೂರಿಸೋಣ" ಎಂದ ಚೆಲ್ಲೋದವನ ಮೇಲೆ ಹರಿಹಾಯ್ದೆ. ಹೀಗಾದರೆ ಸಂಗೀತ ಕಛೇರಿ ನಡೆಯುವುದೇ ಅನುಮಾನವಾಗಿತ್ತು.

ಅಮ್ಮನಿಗಂತೂ ನಮ್ಮ ಮೇಲೆ ಕೆಂಡದಂಥ ಕೋಪ. "ಕೊಂದೋರು ಆರಾಮಾಗಿ ಓಡಾಡ್ಕೊಂಡಿದ್ದಾರೆ. ನೀವಿಲ್ಲಿ ಪಿಟೀಲು ಕುಯ್ಕೊಂಡು ಕೂತಿದೀರ!" ಎನ್ನುತ್ತಿದ್ದಳು. ಅಂಥವಳು ಕಛೇರಿಯ ದಿನ ಸೀದಾ ವೇದಿಕೆ ಹತ್ತಿ ಆ ಕುರ್ಚಿಯಲ್ಲಿ ಕೂತಳು.

"ನೀನು ಗದ್ದ ಅಲ್ಲಾಡಿಸು, ಅಷ್ಟೇ. ಅವನಿಗೆ ಬಂದಿದ್ದು ನಂಗೆ ಬರಲ್ವಾ?"

ಮೇಷ್ಟ್ರ ಭಾಗದ ಹಾಳೆಗಳನ್ನು ಚೆನ್ನಾಗಿಯೇ ತಿರುಗಿಸಿದಳು. ತಮ್ಮನ ಕೊನೆಯ ಹಾಳೆ ಬಂತು. ಗದ್ದ ಆಡಿಸಿದೆ. ಅಮ್ಮ ಹಾಳೆಯ ಅಂಚನ್ನು ಅಂಗೈಯಿಂದ ಒತ್ತಿ ಹಿಡಿದಿದ್ದಳು.

"ಇವನದು ಮುಗೀತಾ?" ಎಂದು ಪಿಸುಗುಟ್ಟಿದಳು.

"ಹೂಂ."

"ಮುಗಿಯೋದು ಬೇಡ."

ನಿಲ್ಲಿಸುವಂತಿಲ್ಲ, ಮುಂದೆ ಹೋಗುವಂತಿಲ್ಲ. ಕೊನೆಯ ಸಾಲಿನ ಮೊದಲಿಗೇ ಮರಳಿದೆ. ಪಿಟೀಲಿನವರ ಹುಬ್ಬು ಮೇಲೇರಿತು. ಆದರೂ ಎಷ್ಟೋ ವರ್ಷದ ಒಡನಾಟ, ಇಬ್ಬರೂ ನನ್ನ ಜೊತೆಗೇ ಹಿಂದೆ ಬಂದರು. ಮತ್ತೆ ಅದೇ ಸಾಲು, ಮತ್ತೊಮ್ಮೆ ಅದೇ. ಸುಳ್ಳೇಕೆ, ಅದು ಮುಗಿಯುವುದು ನನಗೂ ಬೇಡವಾಗಿತ್ತು. ಹಾಗೇ ರಾತ್ರಿಯಿಡೀ ನುಡಿಸುತ್ತಿದ್ದೆನೇನೋ.

ಆಗ ಎದುರು ಸಾಲಿನಲ್ಲಿ ಕೂತ ಹೆಂಗಸು ಕಣ್ಣಿಗೆ ಬಿದ್ದರು. ವರದಿಗಾರ್ತಿಯ ತಾಯಿ. ಮಡಿಲಲ್ಲಿದ್ದ ಚೀಲವನ್ನು ಎರಡೂ ಕೈಯಲ್ಲಿ ಅವುಚಿಕೊಂಡು ಕಾಯುತ್ತಿದ್ದರು.

"ಅಮ್ಮಾ," ಎಂದೆ, "ಮುಂದಿನ ಹಾಳೇಲಿರೋದು ಅವರ ಮಗಳು."

ಅಮ್ಮ ತಲೆಯೆತ್ತಿ ಆ ತಾಯಿಯನ್ನು ನೋಡಿದಳು. ನಾವು ಆ ಸಾಲನ್ನು ಇನ್ನೊಮ್ಮೆ ನುಡಿಸುವವರೆಗೂ ನೋಡುತ್ತಲೇ ಇದ್ದಳು. ಆಮೇಲೆ ಅಂಗೈ ತೆಗೆದು, ಬೆರಳಿಗೆ ಎಂಜಲು ಹಚ್ಚಿಕೊಂಡು, ಹಾಳೆ ತಿರುಗಿಸಿದಳು.