ಸಂಘದ ಮೇಲ್ ಪೆಟ್ಟಿಗೆ

ಈ ಸಲ ಬೈಗುಳ ಬರಲಿಲ್ಲ. ಗೌರೀಶ ಪರದೆಯನ್ನು ಮತ್ತೊಮ್ಮೆ ನೋಡಿದ. ಲಿನಕ್ಸ್ ಹಾಕಿದ ಹಳೆಯ ಕಂಪ್ಯೂಟರು ಇಷ್ಟು ದಿನ ತಪ್ಪು, ತಪ್ಪು ಎಂದು ಕೆಂಪಕ್ಷರದಲ್ಲಿ ಬೈಯುತ್ತಲೇ ಇತ್ತು. ಇವತ್ತು ಅವನು ಹೇಳಿದ್ದನ್ನು ತೆಪ್ಪಗೆ ಒಪ್ಪಿಕೊಂಡಿತು. ರಬಕವಿಯ ಸೀರೆ ನೇಕಾರರ ಸಂಘಕ್ಕೆ ಸ್ವಂತದ ಮೇಲ್ ಸರ್ವರ್, ತನ್ನದೇ ಒಂದು ಇ-ಅಂಚೆಮನೆ! ಅವನಿಗೆ ಕುಣಿಯಬೇಕೆನಿಸಿತು.

ಸಂಘದ ಕಚೇರಿ ನೋಡಿಕೊಳ್ಳುವ ಗೌರೀಶ ಎಂಸಿಎ ಓದಿದವನು. ಊರಿಗೆಲ್ಲ ಬೇಕಾದವನು, ಪ್ರಿಂಟರ್ ಕೆಟ್ಟಾಗ. ಸರ್ವರಿನ ನೆಪದಲ್ಲಾದರೂ ಯಾರಾದರೊಬ್ಬರು ತನಗೆ ಸುಮ್ಮನೆ, ಕೆಲಸವಿಲ್ಲದೆ, ಎರಡು ಸಾಲು ಬರೆಯಲಿ. ಅವನಿಗೆ ಬೇಕಾಗಿದ್ದದ್ದು ಅಷ್ಟೇ.

ಸಂಘಕ್ಕೆ ಏನೇ ಕಾಗದ ಬರಲಿ, ಗೌರೀಶ ಓದುವುದು, ಉಳಿದವರು ಕೇಳುವುದು. ಅದು ಅಲ್ಲಿನ ರೂಢಿ. ವಿಳಾಸ ಹಂಚುವಾಗ ಅಧ್ಯಕ್ಷ ಶಿದ್ರಾಮಪ್ಪ ಅದನ್ನೇ ಹಿಡಿದಿದ್ದರು.

“ಎಲ್ಲಾರ ಹೆಸರಿಗೂ ಒಂದೊಂದು ವಿಳಾಸ ಇರ್ಲಿ. ಬಂದದ್ದು ಮಾತ್ರ ನಿನ್ನ ಪೆಟ್ಟಿಗಿಗೇ ಬೀಳ್ಲಿ. ಓದಾಂವ ನೀನೇ ಅಲ್ಲೇನು?”

“ತಮಗ ಬಂದದ್ದು ತಾವು ಓದಬಾರದೇನ್ರಿ?”

“ನಮ್ದೇನ್ ಗುಟ್ಟ ಐತೋ ಮಾರಾಯಾ!”

ಎಲ್ಲರೂ ನಕ್ಕಿದ್ದರು. ಅವನೂ ನಕ್ಕು ಎಲ್ಲ ವಿಳಾಸಗಳನ್ನೂ ತನ್ನ ಪೆಟ್ಟಿಗೆಗೇ ತಿರುಗಿಸಿದ್ದ.

ಈಗ ಪೇಢೆ ಬಂತು. ಮಗ್ಗ ನಿಲ್ಲಿಸಿ ಬಂದವರಿಂದ ಕಚೇರಿ ತುಂಬಿತು. ಗೌರೀಶ ಸಂಘದ ಒಬ್ಬೊಬ್ಬರ ವಿಳಾಸಕ್ಕೂ ಮೊದಲ ಮೇಲ್ ಬರೆದ: ‘ಶರಣು. ಆರಾಮ ಇದ್ದೀರಾ? ಸುಮ್ಮನೆ ಬರೆಯಿರಿ. ನಿಮ್ಮ ಗೌರೀಶ.’ ಕಳಿಸಿದ.

ಟಿಣ್. ಟಿಣ್. ಟಿಣ್. ಪರದೆ ತುಂಬಿತು.

“ಅಬಬಬ! ಎಷ್ಟ ಮಂದಿ ಬರದಾರ ನೋಡ ನಿನಗ!” ಶಿದ್ರಾಮಪ್ಪ ಬೆನ್ನು ಚಪ್ಪರಿಸಿದರು. ಚಪ್ಪಾಳೆ ಬಿತ್ತು.

ಎಲ್ಲವೂ ಅವನೇ ಈಗ ಕಳಿಸಿದ ಮೇಲ್, ಅವನ ಪೆಟ್ಟಿಗೆಗೇ ತಿರುಗಿ ಬಂದಿದ್ದವು. ಹಾಗೆ ಹೊಂದಿಸಿದವನೂ ಅವನೇ, ಸಂಭ್ರಮದಲ್ಲಿ ಮರೆತಿದ್ದ.

ಸೀರೆ ನೇಯುವ ಮಧುಮತಿ ಮುಂದೆ ಬಗ್ಗಿದಳು. “ಓದ್ರಿ ಸರ್. ಏನಂತಾರ?”

ಸುತ್ತಲಿನ ಮುಖಗಳೆಲ್ಲ ಅರಳಿದ್ದವು. ಅವನು ಪರದೆಯ ಕಡೆ ತಿರುಗಿ ಓದಿದ. “ಆರಾಮ ಇದ್ದೀರಾ ಅಂತ ಕೇಳ್ಯಾರ.”

“ಎಲ್ಲಾರೂ?”

“ಎಲ್ಲಾರೂ.”

“ಪುಣ್ಯವಂತರದೀರಿ ಬಿಡ್ರಿ. ಆರಾಮ ಅದೀನಿ ಅಂತ ಬರೀರಿ ಮತ್ತ.”

ಪೇಢೆ ಮುಗಿಯಿತು. ನಗುತ್ತ ಬಂದವರು ನಗುತ್ತಲೇ ಹೋದರು. ಸುತ್ತಲಿನ ಮನೆಗಳಲ್ಲಿ ಮಗ್ಗಗಳು ಮತ್ತೆ ಶುರುವಾದವು. ಪರದೆಯ ಮೇಲೆ ಗೌರೀಶ, ಅದರ ಕೆಳಗೆ ಗೌರೀಶ, ಅದರ ಕೆಳಗೂ ಗೌರೀಶ. ಅವನು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು, ಮೇಲಿನವನಿಂದ ಹಿಡಿದು ಒಬ್ಬೊಬ್ಬನಿಗೂ ಉತ್ತರ ಬರೆಯತೊಡಗಿದ.