ಲಿಫ್ಟಿನ ಬಾಗಿಲು ಮುಚ್ಚುವವರೆಗೆ

ಕೋಬೆಯ ತೂಕದ ಯಂತ್ರಗಳ ಕಂಪನಿಗೆ ಬರುವ ಪರದೇಶದ ಎಂಜಿನಿಯರುಗಳಿಗೆ ನಡೆನುಡಿ ಕಲಿಸುವುದು ಹತಾನೊ ಚಿಜುರುವಿನ ಕೆಲಸ. ವಿಸಿಟಿಂಗ್ ಕಾರ್ಡನ್ನು ಎರಡೂ ಕೈಯಲ್ಲಿ ಹಿಡಿದು ಕೊಡಬೇಕು, ಬಾಗಿಲಿನಿಂದ ದೂರದ ಕುರ್ಚಿ ಅತಿಥಿಗೆ, ತನ್ನ ಲೋಟಕ್ಕೆ ತಾನೇ ಬಿಯರ್ ಸುರಿದುಕೊಳ್ಳಬಾರದು. ಇವೆಲ್ಲ ಅವಳಿಗೆ ನೀರು ಕುಡಿದಷ್ಟು ಸಲೀಸು. ಹಂಗೇರಿಯ ತಿಬೋರ್ ಮಾತ್ರ ಅವಳ ತಲೆ ತಿಂದ. ಬಂದ ದಿನವೇ ವಿಭಾಗದ ಮುಖ್ಯಸ್ಥ ಕುಗಿಮಿಯ ಅವರ ಕಾರ್ಡನ್ನು ಪ್ಯಾಂಟಿನ ಹಿಂದಿನ ಜೇಬಿಗೆ ತುರುಕಿ, ಅದರ ಮೇಲೇ ಕುಳಿತುಬಿಟ್ಟ.

"ಅಯ್ಯೋ, ಅವರ ಹೆಸರಿನ ಮೇಲೆ ಕೂತಿದ್ದೀರಲ್ರೀ! ಏಳಿ!" ಎಂದು ಚಿಜುರು ಪಿಸುಗುಟ್ಟಿದಳು.

"ಮೆತ್ತಗಿದೆ, ಪರವಾಗಿಲ್ಲ ಬಿಡಿ," ಎಂದ.

ನಗಬಾರದಿತ್ತು, ನಕ್ಕುಬಿಟ್ಟಳು. ಕೆಟ್ಟದ್ದು ಅಲ್ಲಿಂದಲೇ. ಕಲಿಯುವವನಿಗಿಂತ ಕಲಿಸುವವಳೇ ಹೆಚ್ಚಾಗಿ ಪಾಠದ ದಿನಕ್ಕೆ ಕಾಯತೊಡಗಿದಳು. ನಲವತ್ತು ದಾಟಿದ ಹೆಂಗಸು, ಆ ದಿನಗಳಲ್ಲಿ ಮಾತ್ರ ಕನ್ನಡಿಯ ಮುಂದೆ ಒಂದಿಷ್ಟು ಹೆಚ್ಚು ಹೊತ್ತು ನಿಲ್ಲುತ್ತಿದ್ದಳು. ಯಾರಿಗೆ ಎಷ್ಟು ಬಾಗಬೇಕೆಂದು ಊರಿಗೆಲ್ಲ ಹೇಳಿಕೊಡುವವಳಿಗೆ, ಮನಸ್ಸಿನಲ್ಲಿದ್ದದ್ದನ್ನು ಹೇಳುವುದು ಹೇಗೆಂದು ಯಾರೂ ಹೇಳಿಕೊಟ್ಟಿರಲಿಲ್ಲ.

ತಿಬೋರ್ ಒಂದೊಂದಾಗಿ ಎಲ್ಲವನ್ನೂ ಕಲಿತ, ಬೀಳ್ಕೊಡುಗೆಯೊಂದನ್ನು ಬಿಟ್ಟು. ಲಿಫ್ಟಿನೊಳಗೆ ಹೋದವರು ತಿರುಗಿ ನಿಂತು ಬಾಗಬೇಕು, ಹೊರಗಿನವರೂ ಬಾಗಬೇಕು, ಬಾಗಿಲು ಪೂರ್ತಿ ಮುಚ್ಚುವವರೆಗೆ ಯಾರೂ ತಲೆ ಎತ್ತಬಾರದು. ಇವನೋ ಅರ್ಧಕ್ಕೇ ತಲೆ ಎತ್ತಿ ಕೈ ಬೀಸುತ್ತಿದ್ದ.

"ಹೋಗೋರ ಮುಖ ನೋಡದೆ ನೆಲ ನೋಡ್ತಾ ಕಳಿಸೋದಾ? ಇದೆಂಥಾ ಮರ್ಯಾದೆ ಹತಾನೊ-ಸಾನ್?"

"ನಾವು ನೆಲ ನೋಡಲ್ಲ, ಮನಸ್ಸಲ್ಲೇ ಅವರನ್ನ ನೋಡ್ತೀವಿ."

"ಅಷ್ಟು ಕಷ್ಟ ಯಾಕೆ? ಎದುರಿಗೇ ಇರ್ತಾರಲ್ಲ! ಇದೊಂದು ನನ್ನ ಕೈಲಾಗಲ್ಲ."

ಅವನನ್ನು ಊರಿಗೆ ವಾಪಸು ಕರೆಸಿಕೊಳ್ಳುತ್ತಾರೆಂಬ ಸುದ್ದಿ ಬಂತು. ಬೀಳ್ಕೊಡುಗೆ ಊಟದಲ್ಲಾದರೂ ಒಂದು ಮಾತು ಆಡಿಯೇನು ಎಂದುಕೊಂಡಳು ಚಿಜುರು. ಆದರೆ ಯಾರು ಎಲ್ಲಿ ಕೂರಬೇಕೆಂದು ಗೊತ್ತುಮಾಡಿದವಳು ಅವಳೇ. ನಿಯಮದ ಪ್ರಕಾರ ಅತಿಥಿ ಒಳಗಿನ ತುದಿಯಲ್ಲಿ, ಊಟ ತರಿಸುವ ಹೊಣೆ ಹೊತ್ತ ತಾನು ಬಾಗಿಲ ಬಳಿ. ಪುಣ್ಯಾತ್ಗಿತ್ತಿ, ಒಂದು ದಿನಕ್ಕಾದರೂ ತಪ್ಪು ಮಾಡಬಾರದಿತ್ತೇ? ಅವನು ಅಷ್ಟು ದೂರದಿಂದ ಎರಡು ಸಲ ಇತ್ತ ನೋಡಿದ. ಎರಡು ಸಲವೂ ಇವಳು ಸುಟ್ಟ ಮೀನು ಎಲ್ಲರಿಗೂ ಬಂತೇ ಎಂದು ವಿಚಾರಿಸುತ್ತಿದ್ದಳು.

ಉಳಿದದ್ದು ಮರುದಿನ ಬೆಳಿಗ್ಗೆ ಅವನು ಹೊರಡುವಾಗ, ಲಿಫ್ಟಿನ ಬಾಗಿಲು ಮುಚ್ಚುವಷ್ಟು ಹೊತ್ತು ಮಾತ್ರ. ಕೆಲಸಕ್ಕೆ ಬರುವ ರೈಲಿನಲ್ಲಿ ನಿಂತೇ ಅವಳು ನಿರ್ಧರಿಸಿದಳು. ಇವತ್ತು ತಲೆ ಎತ್ತಿ ಅವನ ಮುಖ ನೋಡುತ್ತೇನೆ. ನನಗಿರುವುದರಲ್ಲಿ ಕಾಲು ಭಾಗ ಆ ಮುಖದಲ್ಲಿ ಕಂಡರೂ ಸಾಕು, ಲಿಫ್ಟಿನೊಳಗೆ ಕಾಲಿಡುತ್ತೇನೆ. ನೋಡುವವರು ನೋಡಲಿ.

ಇಡೀ ವಿಭಾಗ ಸಾಲಾಗಿ ನಿಂತಿತು. ತಿಬೋರ್ ಪೆಟ್ಟಿಗೆಯನ್ನು ಒಳಗಿಟ್ಟು ತಿರುಗಿದ. ಕುಗಿಮಿಯ ಬಾಗಿದರು, ಎಲ್ಲರೂ ಬಾಗಿದರು, ಅಭ್ಯಾಸಬಲದಿಂದ ಚಿಜುರುವಿನ ಬೆನ್ನೂ ಬಾಗಿತು. ಬಾಗಿಲು ಜರುಗುವ ಸದ್ದು ಕೇಳಿದ್ದೇ ಹಲ್ಲು ಕಚ್ಚಿ ತಲೆ ಎತ್ತಿದಳು, ಕೆಲಸಕ್ಕೆ ಸೇರಿದ ಮೇಲೆ ಮೊದಲ ಬಾರಿಗೆ.

ತಿಬೋರ್ ಬಾಗಿ ನಿಂತಿದ್ದ. ಬೆನ್ನು ನೆಟ್ಟಗೆ, ಕೈಗಳು ಪಕ್ಕಕ್ಕೆ, ಹೇಳಿಕೊಟ್ಟಷ್ಟೇ ಆಳಕ್ಕೆ. ಅವಳಿಗೆ ಕಂಡದ್ದು ಅವನ ನೆತ್ತಿ, ಅಲ್ಲಿ ಬಾಚಣಿಗೆಗೆ ಮಣಿಯದ ಕಂದು ಕೂದಲು. ಎತ್ತು, ಒಂದೇ ಒಂದು ಸಲ ತಲೆ ಎತ್ತು ಮಾರಾಯ ಎಂದು ಅವಳ ಮನಸ್ಸು ಕೂಗುತ್ತಿತ್ತು. ಅವನು ಎತ್ತಲಿಲ್ಲ. ಬಾಗಿಲು ಮುಚ್ಚಿತು.

ಕುಗಿಮಿಯ ಸೊಂಟ ಹಿಡಿದುಕೊಂಡು ನೆಟ್ಟಗಾದರು. "ಬಾಗ್ತಾ ಬಾಗ್ತಾ ಕಣ್ಣಂಚಲ್ಲೇ ನೋಡ್ದೆ ಹತಾನೊ-ಸಾನ್, ಒಂದು ತಪ್ಪಿಲ್ಲ! ವಾರದಿಂದ ನನ್ನ ಮುಂದೆ ಬಾಗಿ ಬಾಗಿ ಅಭ್ಯಾಸ ಮಾಡ್ತಿದ್ದ. ಹೋಗೋ ದಿನನಾದ್ರೂ ಹತಾನೊ-ಸಾನ್‌ಗೆ ಖುಷಿಯಾಗ್ಲಿ ಅಂತಿದ್ದ. ಎಲ್ಲಾ ನಿಮ್ಮ ಪಾಠ."

ಹೊಗಳಿದವರಿಗೆ ಬಾಗಿ ವಂದಿಸಬೇಕು. ಚಿಜುರು ಬಾಗಿದಳು. ಉಳಿದವರೆಲ್ಲ ತಮ್ಮ ತಮ್ಮ ಮೇಜಿಗೆ ಹೋದ ಮೇಲೂ ಅವಳು ತಲೆ ಎತ್ತಲಿಲ್ಲ.