ಮೂರನೆಯ ಬ್ಯಾಟರಿ

ರೇಷ್ಮೆ ಸೀರೆಯ ಕೆಳಗೆ ಹಿಮದ ಬೂಟು ಹಾಕಿಕೊಂಡ ಬಸುರಿಯನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ನವ್ಯಶ್ರೀ ಹಸಿರು ಸೀರೆಯ ನೆರಿಗೆಯನ್ನು ಬೂಟು ಮುಚ್ಚುವಷ್ಟು ಇಳಿಸಿ, ಉದ್ದ ತೋಳಿನ ರವಿಕೆಯೊಳಗೆ ಎರಡು ಥರ್ಮಲ್ ತೊಟ್ಟು, ಎಲ್ಲದರ ಮೇಲೆ ಗಂಡನ ದಪ್ಪ ಜಾಕೆಟ್ ಹೊದ್ದು ಕಾರಿನಿಂದ ಇಳಿದಳು. ಬೆಲ್ ಐಲ್ ದ್ವೀಪದ ದಂಡೆಯಲ್ಲಿ ಡೆಟ್ರಾಯ್ಟ್ ನದಿ ಹೆಪ್ಪುಗಟ್ಟಿ ನಿಂತಿತ್ತು. ಫೋನು ಮೈನಸ್ ನಾಲ್ಕು ಫ್ಯಾರನ್‌ಹೀಟ್, ಊರಿನ ಲೆಕ್ಕದಲ್ಲಿ ಮೈನಸ್ ಇಪ್ಪತ್ತು ಸೆಲ್ಸಿಯಸ್, ಎನ್ನುತ್ತಿತ್ತು. ಗಾಳಿ ಅದನ್ನು ಒಪ್ಪುತ್ತಿರಲಿಲ್ಲ.

"ಆಂಟಿ, ಸ್ನೋ ಬ್ಯಾಕ್‌ಗ್ರೌಂಡಲ್ಲಿ ಗ್ರೀನ್ ಸೀರೆ. ಸೂಪರಾಗಿ ಬರತ್ತೆ ಅಲ್ವಾ?"

"ಬರತ್ತೆ, ನೀನು ನೀಲಿ ಆಗದೆ ಇದ್ರೆ."

ನಮ್ಮ ಕನ್ನಡ ಕೂಟದಲ್ಲಿ ಯಾರ ಮನೆಯ ಸೀಮಂತವಾಗಲಿ, ನಾಮಕರಣವಾಗಲಿ, ಫೋಟೊ ನನ್ನದೇ. ಮಕ್ಕಳು ಕಾಲೇಜಿಗೆ ಹೊರಟುಹೋದ ವರ್ಷ ಕೊಂಡ ಕ್ಯಾಮೆರಾ ಇದು. ವೆಸ್ಟ್ ಬ್ಲೂಮ್‌ಫೀಲ್ಡಿನ ಮನೆಯಲ್ಲಿ ಈಗ ನನ್ನ ಜೊತೆ ಹೆಚ್ಚು ಹೊತ್ತು ಕಳೆಯುವುದು ಅದೇ. "ಶೈಲಾ, ನಾನೂ ಒಂದು ಲೆನ್ಸ್ ಹಾಕ್ಕೊಂಡ್ರೆ ನನ್ ಕಡೆ ನೋಡ್ತೀಯೇನೋ" ಎಂದು ಗಂಡ ಮನೋಹರ್ ಛೇಡಿಸುವುದುಂಟು.

ಸೀಮಂತ ಮುಂದಿನ ಶನಿವಾರ. ಹಾಲ್‌ನಲ್ಲಿ ದೊಡ್ಡ ಪರದೆಯ ಮೇಲೆ ತೋರಿಸಲು ಹಿಮದ ಫೋಟೊ ಬೇಕೆಂದು ನವ್ಯಶ್ರೀ ಹಟ ಹಿಡಿದಿದ್ದಳು. ಅವಳೂ ಗಂಡ ಚೇತನ್ನೂ ಲಿವೋನಿಯಾದ ಒಂದು ಅಪಾರ್ಟ್‌ಮೆಂಟಿನಲ್ಲಿದ್ದಾರೆ. ಬಾಣಂತನಕ್ಕೆಂದು ಮಂಡ್ಯದ ಕಡೆಯಿಂದ ಬಂದಿರುವ ಅವಳ ತಾಯಿ ಕೆಂಪಮ್ಮ ಮಂಕಿ ಟೋಪಿ ಹಾಕಿಕೊಂಡು, ಕಾರಿನ ಹೀಟರ್ ಮುಂದೆ ಕೈ ಚಾಚಿ ಕೂತಿದ್ದರು. ಕಿಟಕಿಯನ್ನು ಎರಡು ಬೆರಳಿನಷ್ಟು ಇಳಿಸಿ ಕೂಗಿದರು.

"ಹೊಟ್ಟೇಲಿರೋ ಕೂಸ್ಗೆ ಈಗ್ಲೇ ಅಮೆರಿಕ ತೋರಿಸ್ಬೇಕಾ? ಬಿರ್ನೆ ತೆಗೀರಿ ಶೈಲಮ್ಮ. ಇಲ್ದಿದ್ರೆ ನಾನೇ ಇಳ್ದು ಬತ್ತೀನಿ!"

"ಇಳೀಬೇಡಿ ಅತ್ತೆ," ಚೇತನ್ ಅಂದ. "ನೀವು ಜಾರಿ ಬಿದ್ರೆ ನದಿ ಒಡ್ದೋಗತ್ತೆ."

"ನಿನ್ ಬಾಯ್ಗಷ್ಟು!"

ನಮ್ಮ ಏರ್ಪಾಡು ಸರಳವಾಗಿತ್ತು. ನಾನು ಮೊದಲೇ ಫೋಕಸ್ ಮಾಡಿಟ್ಟುಕೊಂಡು "ಹ್ಞಾ" ಎಂದ ಕೂಡಲೇ ಚೇತನ್ ಅವಳ ಮೈಮೇಲಿನ ಜಾಕೆಟ್ ಕಿತ್ತುಕೊಂಡು ಪಕ್ಕಕ್ಕೆ ಓಡಬೇಕು. ನಾನು ನಾಲ್ಕೈದು ಸಲ ಕ್ಲಿಕ್ಕಿಸಬೇಕು. ಅವನು ಓಡಿ ಬಂದು ಮತ್ತೆ ಹೊದಿಸಬೇಕು. ಕಾರಿನಲ್ಲಿ ಸ್ವಲ್ಪ ಬೆಚ್ಚಗಾದ ಮೇಲೆ ಇನ್ನೊಂದು ಸಲ.

ಅಂಥ ಚಳಿಯಲ್ಲಿ ಕ್ಯಾಮೆರಾದೊಳಗೆ ಮೊದಲು ಸೋಲುವುದು ಬ್ಯಾಟರಿ. ಮನೆಯಲ್ಲಿ ಪೂರ್ತಿ ತುಂಬಿಸಿ ತಂದದ್ದು ಎರಡನೆಯ ಸಲಕ್ಕೇ ಕೆಂಪು ತೋರಿಸಿ ಆರಿಹೋಯಿತು. ಕೋಟಿನ ಹೊರಜೇಬಿನಲ್ಲಿ ಮರೆತು ಇಟ್ಟುಕೊಂಡಿದ್ದ ಇನ್ನೊಂದನ್ನು ಹಾಕಿದೆ. ಜೇಬಿನಲ್ಲೇ ತಣ್ಣಗೆ ಕೊರೆದಿದ್ದ ಅದು ಇನ್ನೂ ಬೇಗ ಸತ್ತಿತು.

ಮೂರನೆಯದು ಮಾತ್ರ ಸರಿಯಾದ ಜಾಗದಲ್ಲಿತ್ತು. ನಮ್ಮಮ್ಮ ಸಂತೆಗೆ ಹೋಗುವಾಗ ಪುಟ್ಟ ಪರ್ಸನ್ನು ರವಿಕೆಯೊಳಗೆ ಸೇರಿಸಿಕೊಳ್ಳುತ್ತಿದ್ದಳು. ಅದನ್ನು ಕಂಡು ಹುಡುಗಿಯಾಗಿದ್ದಾಗ ನಾಚಿಕೆಪಟ್ಟವಳು ನಾನು. ಈಗ ಚಳಿಯಲ್ಲಿ ಫೋಟೊ ತೆಗೆಯಲು ಹೊರಟಾಗಲೆಲ್ಲ ಒಂದು ಬ್ಯಾಟರಿಯನ್ನು ಬ್ರಾದೊಳಗೆ ಎಡಗಡೆ ಇಟ್ಟುಕೊಳ್ಳುತ್ತೇನೆ. ಅಷ್ಟು ಬೆಚ್ಚಗಿನ ಜೇಬನ್ನು ಯಾವ ಕೋಟು ಹೊಲಿಯುವವನೂ ಕೊಟ್ಟಿಲ್ಲ.

"ಚೇತನ್, ಸ್ವಲ್ಪ ಆ ಕಡೆ ತಿರುಗು."

ಅವನಿಗೆ ತಕ್ಷಣ ಅರ್ಥವಾಯಿತು. ನದಿಯ ಕಡೆ, ಕೆನಡಾಕ್ಕೆ ಸೇರಿದ ಆಚೆ ದಡದತ್ತ ತಿರುಗಿ ನಿಂತ. "ಕೆನಡಾ ನೋಡ್ತಾ ಇದೀನಿ ಆಂಟಿ. ಆರಾಮಾಗಿ ತಗೊಳ್ಳಿ."

ಗ್ಲೌಸ್ ಕಳಚಿ, ಜಿಪ್ ಇಳಿಸಿ, ಕತ್ತಿನ ಕಡೆಯಿಂದ ಕೈ ತೂರಿಸಿದೆ. ಬೆರಳುಗಳು ಮರಗಟ್ಟಿದ್ದವು. ಕಂಕುಳಿನ ಹತ್ತಿರ ಗಟ್ಟಿಯಾದದ್ದೇನೋ ತಗುಲಿತು. ಬ್ಯಾಟರಿ ಪಕ್ಕಕ್ಕೆ ಸರಿದಿದೆ, ಇದು ಅದರ ಮೂಲೆ ಎಂದುಕೊಂಡು ಎರಡು ಬೆರಳಿನಲ್ಲಿ ಹಿಡಿದು ಎಳೆದೆ.

ಬರಲಿಲ್ಲ.

ಬಟ್ಟೆಗೆ ಸಿಕ್ಕಿಕೊಂಡಿದೆಯೇನೋ ಎಂದು ಇನ್ನೂ ಜೋರಾಗಿ ಎಳೆದೆ. ಆಗ ನನಗೇ ನೋವಾಯಿತು.

ಬೆರಳು ಅಲ್ಲೇ ನಿಂತಿತು. ಬಟ್ಟೆ ಇರಲಿಲ್ಲ. ನಾನು ಹಿಡಿದದ್ದು ಚರ್ಮ. ಚರ್ಮದ ಕೆಳಗೆ ಇದ್ದದ್ದು ನನ್ನದೇ ಏನೋ. ಬ್ಯಾಟರಿ ಅದರ ಕೆಳಗೆ, ತಾನಿರಬೇಕಾದ ಕಡೆಯೇ, ಬೆಚ್ಚಗೆ ಕೂತಿತ್ತು.

"ಆಂಟಿ, ಆಯ್ತಾ? ಕೆನಡಾ ಮುಗೀತು," ಚೇತನ್ ಕೇಳಿದ.

"ಆಯ್ತು," ಅಂದೆ. ಆ ದನಿ ಎಲ್ಲಿಂದ ಬಂತೋ ಗೊತ್ತಿಲ್ಲ.

ಬ್ಯಾಟರಿ ಹಾಕಿದೆ. ಕ್ಯಾಮೆರಾ ಎದ್ದು ಕೂತಿತು. ನನ್ನ ಮೈಯ ಬಿಸಿಯಿಂದಲೇ ಅದು ಎಚ್ಚರವಾಗಿತ್ತು. ಅದೇ ಮೈ ನನಗೆ ಹೇಳದೆ ಇನ್ನೇನನ್ನು ಬೆಚ್ಚಗೆ ಇಟ್ಟುಕೊಂಡಿದೆ? ಕ್ಲಿನಿಕ್‌ನವರು ಮ್ಯಾಮೊಗ್ರಾಮಿಗೆ ನೆನಪಿಸಿ ಫೋನ್ ಮಾಡಿದಾಗಲೆಲ್ಲ ಸಂಕ್ರಾಂತಿ ಕಾರ್ಯಕ್ರಮ ಇದೆ, ಮಗಳು ಬರುತ್ತಾಳೆ ಎಂದು ಮುಂದಕ್ಕೆ ಹಾಕುತ್ತ ಬಂದಿದ್ದೆ. ಪ್ರತಿ ಸಲವೂ ಆ ಕಾರಣ ನಿಜವೇ ಆಗಿತ್ತು.

"ಹ್ಞಾ," ಅಂದೆ.

ಜಾಕೆಟ್ ಹಾರಿತು. ನವ್ಯಶ್ರೀ ಹೊಟ್ಟೆಯ ಮೇಲೆ ಎರಡೂ ಕೈಯಿಟ್ಟು ನಕ್ಕಳು. ಹಸಿರು ಬಳೆ, ಬಿಳಿ ನದಿ. ತನ್ನೊಳಗೆ ಬೆಳೆಯುತ್ತಿರುವುದನ್ನು ಊರಿಗೆಲ್ಲ ತೋರಿಸುವ ನಗು ಅದು. ನಾನು ಎಡ ಮೊಣಕೈಯನ್ನು ಪಕ್ಕೆಗೆ ಒತ್ತಿ ಹಿಡಿದೇ ಕ್ಲಿಕ್ಕಿಸಿದೆ. ನನ್ನ ಉಸಿರು ಕ್ಯಾಮೆರಾದ ಹಿಂಬದಿಯಲ್ಲಿ ಬಿಳಿಯ ಪುಡಿಯಾಗಿ ಕೂತು, ಪರದೆಯಲ್ಲಿ ಅವಳ ಮುಖ ಕಾಣದಾಯಿತು. ಆದರೂ ಒತ್ತುತ್ತಲೇ ಇದ್ದೆ.

"ಸಾಕು ಆಂಟಿ! ಅವ್ಳು ನಡುಗ್ತಾ ಇದಾಳೆ!"



ಕಾರು ಹತ್ತುವ ಮೊದಲೇ, ಹೊರಗಿನ ಚಳಿಯಲ್ಲೇ, ಕ್ಯಾಮೆರಾವನ್ನು ಜಿಪ್ ಇರುವ ಪ್ಲಾಸ್ಟಿಕ್ ಚೀಲದೊಳಗೆ ಹಾಕಿ ಮುಚ್ಚಿದೆ. ಅಷ್ಟು ತಣ್ಣಗಾದದ್ದನ್ನು ಹಾಗೇ ಬೆಚ್ಚನೆಯ ಜಾಗಕ್ಕೆ ತಂದರೆ ಗಾಳಿಯ ತೇವವೆಲ್ಲ ಅದರ ಮೇಲೆ, ಒಳಗೂ, ನೀರಾಗಿ ಇಳಿಯುತ್ತದೆ. ಚೀಲದೊಳಗೇ ಅದು ನಿಧಾನವಾಗಿ ಬೆಚ್ಚಗಾಗಬೇಕು. ಕೈ ತಾನಾಗಿ ಈ ಕೆಲಸವನ್ನೆಲ್ಲ ಮಾಡಿತು.

ಲಿವೋನಿಯಾದ ಮನೆಯಲ್ಲಿ ಕೆಂಪಮ್ಮ ಕಾಫಿಗೆ ಇಟ್ಟರು. ಇನ್ನೊಂದು ಒಲೆಯ ಮೇಲೆ ಬೆಳಿಗ್ಗೆ ನೆನೆಸಿದ್ದ ಹುರುಳಿ ಬೇಯುತ್ತಿತ್ತು. ಕುಕ್ಕರಿನ ಹಬೆಗೆ ಅಡುಗೆಮನೆಯ ಕಿಟಕಿ ಬೆವೆತಿತ್ತು. ನವ್ಯಶ್ರೀ ಚೀಲದ ಸುತ್ತ ಬೆಕ್ಕಿನಂತೆ ಸುಳಿಯುತ್ತಿದ್ದಳು.

"ಒಂದೇ ಒಂದು ಫೋಟೊ ನೋಡ್ತೀನಿ ಆಂಟಿ, ಪ್ಲೀಸ್."

"ಮುಟ್ಬೇಡ. ಇನ್ನೂ ಆಗಿಲ್ಲ."

ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡೆ. ಬಿಸಿನೀರಿನ ಕೆಳಗೆ ಬೆರಳುಗಳು ಕೆಂಪಾಗುವವರೆಗೆ ಕೈ ಹಿಡಿದೆ. ಮರಗಟ್ಟಿದ ಕೈಗೆ ಏನೇನೋ ಗಟ್ಟಿಯಾಗಿ ತೋರಿರಬಹುದು, ಬಿಸಿ ಕೈಗೆ ಏನೂ ಸಿಗಲಾರದು ಎಂದುಕೊಂಡೆ. ಕನ್ನಡಿ ನೋಡದೆ ಮುಟ್ಟಿದೆ.

ಇತ್ತು. ಬಿಸಿ ಕೈಗೆ ಇನ್ನೂ ಸ್ಪಷ್ಟವಾಗಿ ಸಿಕ್ಕಿತು.

ಹೊರಗೆ ಬಂದಾಗ ಕೆಂಪಮ್ಮ ಬಾಗಿಲಿನಲ್ಲೇ ಕಾಫಿ ಲೋಟ ಹಿಡಿದು ನಿಂತಿದ್ದರು. ನನ್ನ ಬಲಗೈ ಎಡ ಕಂಕುಳಿನಲ್ಲೇ ಇತ್ತು. ಅದು ನನಗೆ ಗೊತ್ತಿರಲಿಲ್ಲ. ಅವರು ಅದನ್ನೇ ನೋಡಿದರು.

"ಬ್ಯಾಟ್ರಿ ಆಗ್ಲೇ ಈಚೆಗ್ ಬಂತಲ್ಲ ಶೈಲಮ್ಮ. ಇನ್ನೇನ್ ಹುಡುಕ್ತಾ ಇದೀರಿ ಅಲ್ಲಿ?"

ಕೈಯನ್ನು ಅಲ್ಲಿಂದ ತೆಗೆಯದೇ ತಲೆಯಾಡಿಸಿದೆ. ಆಕೆಯ ಮುಖದ ನಗು ಹಾಗೇ ಇಳಿದುಹೋಯಿತು. ನನ್ನನ್ನು ಮಲಗುವ ಕೋಣೆಗೆ ಕರೆದುಕೊಂಡು ಹೋಗಿ ಚಿಲಕ ಹಾಕಿದರು.

"ಎಲ್ಲಿ?"

ತೋರಿಸಿದೆ. ಅವರು ತಕ್ಷಣ ಮುಟ್ಟಲಿಲ್ಲ. ಬಿಸಿ ಲೋಟವನ್ನು ಎರಡೂ ಅಂಗೈಯಲ್ಲಿ ಹಿಡಿದುಕೊಂಡು ನಿಂತರು. "ನನ್ ಕೈ ತಣ್ಣಗೈತೆ, ತಡಿ," ಅಂದರು. ಲೋಟ ಕೆಳಗಿಟ್ಟು, ಬೆಚ್ಚಗಾದ ಬೆರಳುಗಳನ್ನು ನಾನು ತೋರಿಸಿದ ಕಡೆ ಇಟ್ಟರು. ಅಮ್ಮ ಹೋದ ಮೇಲೆ ನನ್ನನ್ನು ಯಾವ ಹೆಂಗಸೂ ಹಾಗೆ ಮುಟ್ಟಿರಲಿಲ್ಲ.

ಏನೂ ಇಲ್ಲ ಬಿಡಿ ಎನ್ನಲಿ ಎಂದು ಕಾದೆ. ಅವರು ಅನ್ನಲಿಲ್ಲ.

"ಯಾವಾಗಿಂದ ಮಗಾ?"

"ಇವತ್ತು... ಅಲ್ಲೇ, ನದಿ ಹತ್ರ."

"ಫೋನ್ ಎಲ್ಲೈತೆ ನಿಂದು? ಮಾಡು. ಈಗ್ಲೇ ಮಾಡು, ನನ್ ಮುಂದೇನೇ."

ಕ್ಲಿನಿಕ್‌ನ ಹುಡುಗಿ ಹೆಸರು, ಹುಟ್ಟಿದ ದಿನ, ಎಡವೋ ಬಲವೋ ಕೇಳಿದಳು. ಎಡ ಅಂದೆ. ಆಕೆಯ ದನಿ ಮೆತ್ತಗಾಯಿತು. ಯಾರೋ ತಮ್ಮ ಅಪಾಯಿಂಟ್‌ಮೆಂಟ್ ರದ್ದು ಮಾಡಿದ್ದಾರೆ, ಇವತ್ತು ಮಧ್ಯಾಹ್ನವೇ ಬರಲಾಗುತ್ತದೆಯೇ ಎಂದಳು. ಮುಂದಿನ ವಾರವೋ ಏನೋ ಎಂದು ಸಿದ್ಧಳಾಗಿದ್ದೆ. ಮಂಚದ ತುದಿಯಲ್ಲಿ ಕೂತೆ. ಕೆಂಪಮ್ಮನಿಗೆ ಇಂಗ್ಲಿಷ್ ಬಾರದು. ಆದರೂ ನನ್ನ ಭುಜ ಹಿಡಿದು, "ಹ್ಞೂಂ ಅನ್ನು," ಅಂದರು.

ಹ್ಞೂಂ ಅಂದೆ.

ಬಾಗಿಲ ಹೊರಗಿಂದ ನವ್ಯಶ್ರೀ ಕೂಗಿದಳು. "ಆಂಟಿ, ಈಗ್ಲಾದ್ರೂ ಚೀಲ ತೆಗೀಬಹುದಾ?"

"ಇನ್ನೊಂದು ಗಂಟೆ ಬಿಟ್ಟು ನೀವೇ ತೆಗೀರಿ. ಕ್ಯಾಮೆರಾ ಇಲ್ಲೇ ಇರ್ಲಿ," ಅಂದೆ. ಅದನ್ನು ಯಾರ ಮನೆಯಲ್ಲೂ ಬಿಟ್ಟು ಬಂದವಳಲ್ಲ ನಾನು.

ಕೋಟು ಹಾಕಿಕೊಂಡು ಹೊರಬಂದಾಗ ಕೆಂಪಮ್ಮ ಮಂಕಿ ಟೋಪಿ ಎಳೆದುಕೊಂಡು ನನ್ನ ಕಾರಿನ ಪಕ್ಕ ನಿಂತಿದ್ದರು.

"ಇಷ್ಟು ಚಳೀಲಿ ನೀವ್ಯಾಕೆ ಅಮ್ಮಾ?"

"ಹೀಟ್ರು ಮುಂದೆ ಕೂರಾಕೆ," ಅಂದು ಅವರು ಬಾಗಿಲು ತೆಗೆದು ಕೂತರು. "ನಿಮ್ ಯಜಮಾನ್ರಿಗೆ ಮೊದ್ಲು ಫೋನ್ ಮಾಡು. ಆಮೇಲೆ ಹೊರ್ಡು."